ಊಟಕ್ಕೆ ಮುಂಚೆ ಮುಂದಿನ ಚಕ್ರ

ಮೂವತ್ತು ವರ್ಷಕ್ಕೂ ಮೇಲೆ ನಾನು ಬರೆದದ್ದನ್ನು ಜನ ಗ್ಯಾರೇಜಿನ ನೆಲದ ಮೇಲೆ ಹಾಸಿಕೊಂಡು ಓದಿದ್ದಾರೆ. ಗ್ರೀಸ್ ಮೆತ್ತಿದ ಹೆಬ್ಬೆರಳಿನಿಂದ ಹಾಳೆ ತಿರುವಿ, ಅರ್ಥವಾಗದ ಕಡೆ ನನ್ನ ವಂಶವನ್ನೆಲ್ಲ ಬೈದು, ಮತ್ತೆ ಅದೇ ಸಾಲಿಗೆ ಬಂದು ಓದಿದ್ದಾರೆ. ಅಷ್ಟು ಶ್ರದ್ಧೆಯ ಓದುಗರು ಯಾವ ಕವಿಗೆ ಸಿಕ್ಕಾರು, ನೀವೇ ಹೇಳಿ. ಮೋಟಾರ್‌ಸೈಕಲ್ಲಿನ ಕೈಪಿಡಿ ಬರೆಯುವುದು ನನ್ನ ಕೆಲಸವಾಗಿತ್ತು. ಗಾಡಿ ಕೊಂಡವನ ಕೈಗೆ ಕೀಲಿಯ ಜೊತೆ ಕೊಡುತ್ತಾರಲ್ಲ, ಸೀಟಿನ ಕೆಳಗೆ ತುರುಕಿ ಮರೆತುಬಿಡುವ ಆ ಪುಸ್ತಕ.

ಮೊನ್ನೆ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಒಬ್ಬರ ಮನೆಯ ಗೃಹಪ್ರವೇಶದಲ್ಲಿ ಒಬ್ಬ ಹುಡುಗಿ ಸಿಕ್ಕಿದಳು. ಕಂಪ್ಯೂಟರ್ ಕಂಪನಿಯೊಂದರಲ್ಲಿ ಇದೇ ಕೆಲಸಕ್ಕೆ ಸೇರಿದ್ದಾಳಂತೆ. "ಅಂಕಲ್, ನಿಮ್ಮ ಕಾಲದಲ್ಲಿ ಟ್ರೈನಿಂಗ್ ಹೇಗಿರ್ತಿತ್ತು? ವಾಟ್ ವಾಸ್ ದ ಪ್ರಾಸೆಸ್?" ಎಂದಳು. ನಮ್ಮ ಪ್ರಾಸೆಸ್ಸು ಸೊಂಟ ಉಳುಕಿಸಿಕೊಳ್ಳುವುದಾಗಿತ್ತಮ್ಮ ಎಂದೆ. ನಕ್ಕಳು, ತಮಾಷೆ ಅಂದುಕೊಂಡಳು. ತಮಾಷೆ ಅಲ್ಲ. ಅವಳಿಗೂ ಅವಳಂಥವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಕಿಟಕಿ ಇರುವ ಕೋಣೆ ಕೊಟ್ಟರು ಎಂಬ ಪುರಾಣ ಬೇಡ. ಒಂದೇ ಒಂದು ಪುಟದ ಕಥೆ ಹೇಳುತ್ತೇನೆ: "ಮನೆಯಲ್ಲಿ ಮುಂದಿನ ಚಕ್ರವನ್ನು ಬಿಚ್ಚಿ ಮತ್ತೆ ಹಾಕುವುದು."

ಅರವತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ನ್ಯೂಜೆರ್ಸಿಗೆ ಬಂದೆ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದ ಮೇಲೆಯೇ ಒಂದೂವರೆ ವರ್ಷ ತರಬೇತಿಯ ಹೆಸರಿನಲ್ಲಿ ಕೆಲಸ ಮಾಡಬಹುದಿತ್ತು. ಅಷ್ಟರೊಳಗೆ ಯಾವುದಾದರೂ ಕಂಪನಿ ಗ್ರೀನ್ ಕಾರ್ಡಿಗೆ ಪತ್ರ ಕೊಡಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನನಗೆ ಕೆಲಸ ಸಿಕ್ಕಿದ್ದು ಹೊರದೇಶದಿಂದ ಮೋಟಾರ್‌ಸೈಕಲ್ ತರಿಸಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ, ಕ್ರ್ಯಾನ್‌ಬರಿ ಎಂಬ ಊರಿನ ಹತ್ತಿರ. ಈಗ ಅಲ್ಲಿ ಎತ್ತ ನೋಡಿದರೂ ಗೋದಾಮು, ಟ್ರಕ್ಕು. ಆಗ ನಮ್ಮ ಆಫೀಸಿನ ಕಿಟಕಿಯಾಚೆ ಆಲೂಗಡ್ಡೆ ಹೊಲ. ಕಾರ್ಖಾನೆಯಿಂದ ಬರುತ್ತಿದ್ದ ಕೈಪಿಡಿಯ ಇಂಗ್ಲಿಷು ದೇವರಿಗೇ ಪ್ರೀತಿ. ಅದನ್ನು ಅಮೆರಿಕನ್ ಮನುಷ್ಯ ತನ್ನ ಮನೆಯ ಗ್ಯಾರೇಜಿನಲ್ಲಿ ಓದಿ ಮಾಡಬಹುದಾದಂತೆ ತಿದ್ದಿ ಬರೆಯಲು ನನ್ನನ್ನು ಇಟ್ಟುಕೊಂಡಿದ್ದರು.

ನನ್ನ ಮೇಲಧಿಕಾರಿಯ ಹೆಸರು ಕೋವಲ್. ನೌಕಾಪಡೆಯ ಹಡಗುಗಳಲ್ಲಿ ಇಂಜಿನ್ ಕೋಣೆ ನೋಡಿಕೊಂಡು ನಿವೃತ್ತನಾದವನು. ಕುತ್ತಿಗೆ ಎಂಬುದೇ ಇಲ್ಲ, ಭುಜದ ಮೇಲೆ ನೇರವಾಗಿ ತಲೆ. ಸದಾ ಕಿವಿಯ ಹಿಂದೆ ಒಂದು ಕೆಂಪು ಪೆನ್ಸಿಲ್ಲು. ನಾನು ಬೆರಳಚ್ಚು ಮಾಡಿ ಕೊಟ್ಟ ಚಕ್ರದ ಪುಟವನ್ನು ಅವನು ಓದಿದ. ಬಿಚ್ಚುವುದಕ್ಕೆ ಹನ್ನೊಂದು ಹೆಜ್ಜೆ ಬರೆದಿದ್ದೆ. ಹಾಕುವುದಕ್ಕೆ ಒಂದೇ ಸಾಲು: "ಬಿಚ್ಚಿದ್ದನ್ನು ಹಿಂದುಮುಂದಾದ ಕ್ರಮದಲ್ಲಿ ಜೋಡಿಸಿ." ಎಷ್ಟು ಚೊಕ್ಕ ಎಂದು ನನಗೇ ಹೆಮ್ಮೆ.

"ಇದನ್ನು ಯಾರು ಮಾಡಿ ನೋಡಿದ್ದಾರೆ, ರಂಗ?" ಎಂದ ಕೋವಲ್. ರಂಗನಾಥ ಅನ್ನುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ನಾನೇ ಸರ್. ನಾಲ್ಕು ಸಲ."

"ನೀನು ಮಾಡಿದರೆ ಏನು ಬಂತು? ನಿನಗೆ ಗೊತ್ತು. ಗೊತ್ತಿರುವವನಿಗೆ ಪುಸ್ತಕ ಯಾಕೆ?"

ಆಮೇಲೆ ಅವನು ತನ್ನ ಕಾನೂನು ಹೇಳಿದ. ಪಾನಾ ಹಿಡಿದೇ ಗೊತ್ತಿಲ್ಲದ ಮೂವರು ಈ ಪುಟವೊಂದನ್ನೇ ಓದಿ ಚಕ್ರ ಬಿಚ್ಚಿ ಹಾಕಬೇಕು. ಇಬ್ಬರನ್ನು ನಾನು ತರಬೇಕು, ಮೂರನೆಯವನನ್ನು ಅವನು ತರುತ್ತಾನೆ. ಅವರು ಮಾಡುವಾಗ ನಾನು ಪಕ್ಕದಲ್ಲಿರಬೇಕು, ಆದರೆ ಬಾಯಿ ಬಿಡಬಾರದು. ಕೆಮ್ಮಿದರೂ ಪರೀಕ್ಷೆ ರದ್ದು. ಮುಗಿದ ಮೇಲೆ ಅದೇ ಗಾಡಿಯನ್ನು ನಾನು ರಸ್ತೆಯ ಕೊನೆಯಲ್ಲಿರುವ ಚರ್ಚಿನವರೆಗೆ ಓಡಿಸಿಕೊಂಡು ಹೋಗಿ ಬರಬೇಕು.

"ಚಕ್ರ ಅವರು ಹಾಕುತ್ತಾರೆ, ಕುತ್ತಿಗೆ ನಿನ್ನದು. ಮೂರೂ ಸಲ ನೀನು ಇಡಿಯಾಗಿ ವಾಪಸು ಬಂದರೆ ಪುಟ ಪ್ರೆಸ್ಸಿಗೆ ಹೋಗುತ್ತದೆ. ನಿನ್ನ ಗ್ರೀನ್ ಕಾರ್ಡಿನ ಪತ್ರಕ್ಕೂ ಅವತ್ತೇ ಸಹಿ. ಬರದಿದ್ದರೆ ಕಾರ್ಡಿನ ಅಗತ್ಯವೂ ಬೀಳುವುದಿಲ್ಲ, ಅಲ್ಲವಾ?" ಎಂದು ಹಲ್ಲು ಕಿರಿದ.

ಹೀಗೆ ನನ್ನ ಅಮೆರಿಕದ ಬದುಕು ಒಂದು ಮುಂದಿನ ಚಕ್ರಕ್ಕೆ ಜೋತುಬಿತ್ತು.

ನನ್ನ ಹೆಂಡತಿ ಶಾಂತಾ ಧಾರವಾಡದವಳು. ಬಂದು ಆರು ತಿಂಗಳಾಗಿತ್ತು. ಪಾನಾ ಅವಳು ಮುಟ್ಟಿರಲಿಲ್ಲ, ಇಂಗ್ಲಿಷ್ ಚೆನ್ನಾಗಿ ಓದುತ್ತಿದ್ದಳು. ಇದಕ್ಕಿಂತ ಒಳ್ಳೆಯ ಅಜ್ಞಾನಿ ಎಲ್ಲಿ ಸಿಗಬೇಕು! ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಗ್ಯಾರೇಜಿತ್ತು. ಮನೆ ಒಡತಿ ಮಿಸೆಸ್ ಬೆಲ್ಲೀನಿ ಇಟಲಿ ಕಡೆಯ ಮುದುಕಿ, ಗ್ಯಾರೇಜಿನ ಮುಂದೆ ಟೊಮ್ಯಾಟೊ ಗಿಡ ಹಾಕಿದ್ದಳು. ಒಂದು ಶನಿವಾರ ಆಫೀಸಿನ ಗಾಡಿ ತಂದು ನಿಲ್ಲಿಸಿ, ಪುಟ ಶಾಂತಾಳ ಕೈಗಿಟ್ಟು, ನಾನು ಸ್ಟೂಲಿನ ಮೇಲೆ ಕೂತೆ.

ಶಾಂತಾ ಸೆರಗು ಸಿಕ್ಕಿಸಿ ಮೊದಲ ಸಾಲು ಓದಿದಳು: "ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿಗೆ ಆಧಾರ ಕೊಡಿ."

"ಏನರೆ ಆಧಾರ ಕೊಡಬೇಕ್ರೀ?"

ನಾನು ಸೂರು ನೋಡಿದೆ.

"ಹೇಳಂಗಿಲ್ಲೇನು? ಛಲೋ ಆತು ಬಿಡ್ರಿ." ಒಳಗೆ ಹೋಗಿ ಟೆಲಿಫೋನ್ ಡೈರೆಕ್ಟರಿ ಎರಡು, ಅದರ ಮೇಲೆ ತವರಿನಿಂದ ತಂದಿದ್ದ ಊಟದ ಮಣೆ ಇಟ್ಟು ಇಂಜಿನ್ನಿನ ಕೆಳಗೆ ನೂಕಿದಳು. ಭೇಷಾಗಿ ಕೂತಿತು. ಕೈಪಿಡಿಯಲ್ಲಿ ಏನಿಡಬೇಕೆಂದು ಬರೆಯಬೇಕು ಎಂಬುದು ನನಗೆ ಹೊಳೆದದ್ದು ಆವತ್ತು. ಬ್ರೇಕ್ ಕೇಬಲ್ ಬಿಚ್ಚಿದಳು, ಸ್ಪೀಡೋಮೀಟರ್ ಕೇಬಲ್ ಬಿಚ್ಚಿದಳು, ಚಕ್ರದ ನಡುವೆ ತೂರಿರುವ ಆಕ್ಸಲ್ಲಿನ ನಟ್ ತೆಗೆದಳು. ತೆಗೆದದ್ದನ್ನೆಲ್ಲ ಒಂದು ನ್ಯೂಸ್‌ಪೇಪರ್ ಹಾಸಿ ಅದರ ಮೇಲೆ ಒಂದೊಂದಾಗಿ ಇಡುತ್ತ ಹೋದಳು. ಎಡಗಡೆ ಮೇಲಿನ ತುದಿಯಲ್ಲಿ ಸಣ್ಣ ಪಿನ್ನು, ಅದರ ಪಕ್ಕ ವಾಷರ್, ಆಮೇಲೆ ನಟ್, ಸ್ಪೇಸರ್ ಎಂಬ ಕಬ್ಬಿಣದ ಬಳೆ, ಕೆಳಗೆ ನಡುವೆ ಉದ್ದನೆಯ ಆಕ್ಸಲ್. ನನಗೆ ನಗು ತಡೆಯಲಾಗಲಿಲ್ಲ. ಬಾಳೆಲೆಗೆ ಬಡಿಸಿದ ಹಾಗೆಯೇ! ಉಪ್ಪಿನ ಜಾಗದಲ್ಲಿ ಪಿನ್ನು, ಕೋಸಂಬರಿಯ ಜಾಗದಲ್ಲಿ ವಾಷರ್, ಅನ್ನದ ಜಾಗದಲ್ಲಿ ಆಕ್ಸಲ್.

"ನಗಬ್ಯಾಡ್ರಿ. ಎಲಿಯೊಳಗ ಎಲ್ಲಿ ಏನ್ ಅದ ಅಂತ ಕಣ್ ಮುಚ್ಚಿಕೊಂಡು ಹೇಳಬಹುದು," ಎಂದಳು.

ಹೇಳಿದ ಹಾಗೆಯೇ, ಹಿಂದುಮುಂದಾದ ಕ್ರಮದಲ್ಲಿ, ಎಲೆ ಖಾಲಿ ಮಾಡುತ್ತ ಬಂದಳು. ನಾನು ನಾಲ್ಕು ಸಲ ಮಾಡಿದಾಗಲೂ ಒಂದು ವಾಷರ್ ಜೇಬಿನಲ್ಲಿ ಉಳಿದಿತ್ತು, ಅದನ್ನು ಕೋವಲ್‌ಗೆ ಹೇಳಿರಲಿಲ್ಲ. ಇವಳ ಎಲೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ನಾನು ಹೆಲ್ಮೆಟ್ ಹಾಕಿಕೊಂಡು ಗತ್ತಿನಿಂದ ಹೊರಟೆ. ಗೇಟಿನ ಹತ್ತಿರ ಬ್ರೇಕ್ ಒತ್ತಿದೆ ನೋಡಿ, ಮುಂದಿನ ಚಕ್ರ ಟಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಮಿಸೆಸ್ ಬೆಲ್ಲೀನಿಯ ಟೊಮ್ಯಾಟೊ ಮಡಿಯಲ್ಲಿ ಅಂಗಾತ ಬಿದ್ದಿದ್ದೆ. ಮೈಯೆಲ್ಲ ಕೆಂಪು. ಮುದುಕಿ ಹೊರಗೋಡಿ ಬಂದು ನೆತ್ತರೆಂದುಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅದು ತನ್ನ ಹಣ್ಣಿನ ರಸ ಎಂದು ಗೊತ್ತಾದ ಮೇಲೆ ಇಟಾಲಿಯನ್ನಿನಲ್ಲಿ ಏನೇನೋ ಅಂದಳು. ಪುಣ್ಯಕ್ಕೆ ಒಂದಕ್ಷರವೂ ಅರ್ಥವಾಗಲಿಲ್ಲ.

ಆದದ್ದೇನೆಂದರೆ, ಆ ಗಾಡಿಯ ಬ್ರೇಕ್ ಪ್ಲೇಟಿನಲ್ಲಿ, ಎಂದರೆ ಚಕ್ರದ ಪಕ್ಕಕ್ಕೆ ಕೂರುವ ಬಿಲ್ಲೆಯಲ್ಲಿ, ಒಂದು ಸೀಳಿದೆ. ಚಕ್ರವನ್ನು ಎರಡೂ ಕಡೆ ಹಿಡಿದಿರುವ ಫೋರ್ಕಿನ ಕಾಲಿನ ಮೇಲೆ ಒಂದು ಗುಬಟು ಇದೆ. ಚಕ್ರ ಎತ್ತಿ ಕೂರಿಸುವಾಗ ಆ ಗುಬಟು ಈ ಸೀಳಿನೊಳಗೆ ಕೂರಬೇಕು. ಕೂರದಿದ್ದರೂ ಆಕ್ಸಲ್ ಹೋಗುತ್ತದೆ, ನಟ್ ಬಿಗಿಯುತ್ತದೆ, ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ. ಬ್ರೇಕ್ ಒತ್ತಿದೊಡನೆ ಮಾತ್ರ ಪ್ಲೇಟೇ ಚಕ್ರದ ಜೊತೆ ತಿರುಗಿ, ಕೇಬಲ್ಲು ಸುತ್ತಿಕೊಂಡು, ಎಲ್ಲ ಕಚ್ಚಿಕೊಳ್ಳುತ್ತದೆ.

ನಾನು ಕುಂಟುತ್ತ ಬಂದು ರೇಗಿದೆ. "ಅಷ್ಟು ದೊಡ್ಡ ಗುಬಟು ಕಾಣಿಸಲಿಲ್ಲವಾ ನಿನಗೆ? ಅದು ಸೀಳಿನೊಳಗೆ ಕೂರಬೇಕು ಅನ್ನೋ ಅಷ್ಟೂ ಗೊತ್ತಾಗಲ್ವಾ?"

ಶಾಂತಾ ಪುಟ ನನ್ನ ಮೂಗಿನ ಮುಂದೆ ಹಿಡಿದಳು. "ಈ ಹಾಳಿಯೊಳಗ ಎಲ್ಲೆ ಬರದೀರಿ, ತೋರಸ್ರಿ."

ಹುಡುಕಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇರಲಿಲ್ಲ. ನನ್ನ ಕೈಗೆ ಗೊತ್ತಿತ್ತು, ಅದಕ್ಕೇ ನನ್ನ ಹಾಳೆಗೆ ಬಂದಿರಲಿಲ್ಲ. ಅವತ್ತು ನನಗೆ ಆದ ನಾಚಿಕೆ ಇವತ್ತಿಗೂ ನೆನಪಿದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿದ್ದರೆ ಅದೊಂದೇ ಪಾಠ. ಉಳಿದದ್ದೆಲ್ಲ ಟೈಪಿಂಗು.

ರಾತ್ರಿ ಊಟಕ್ಕೆ ಕೂತಾಗ ಅವಳೇ ಇನ್ನೊಂದು ಮಾತು ಹೇಳಿದಳು. "ಸೀಳಿನೊಳಗ ಕೂಡಸ್ರಿ ಅಂತ ಬರದ್ರ ಸಾಲಂಗಿಲ್ಲ. ಕೂತದೋ ಇಲ್ಲೋ ಕೈಲೆ ಹೊಳ್ಳಿಸಿ ನೋಡ್ರಿ ಅಂತನೂ ಬರೀರಿ. ಕುಕ್ಕರಿನ ಮುಚ್ಚಳಾ ಹಾಕಿ ನಾವು ಒಂದ್ಸಲ ಅಳ್ಳಾಡಿಸಿ ನೋಡಂಗಿಲ್ಲೇನು? ಹಂಗ."

ಹಾಕುವುದಕ್ಕೂ ಬೇರೆಯಾಗಿ ಹೆಜ್ಜೆಗಳನ್ನು ಬರೆದೆ. ಆರನೆಯದು ಗುಬಟನ್ನು ಸೀಳಿನೊಳಗೆ ಕೂರಿಸುವುದು, ಒಂಬತ್ತನೆಯದು ಹೀಗೆ ಹುಟ್ಟಿತು: "ಬ್ರೇಕ್ ಪ್ಲೇಟನ್ನು ಕೈಯಿಂದ ತಿರುಗಿಸಲು ಪ್ರಯತ್ನಿಸಿ. ತಿರುಗಿದರೆ ತಪ್ಪಾಗಿದೆ. ಚಕ್ರ ಇಳಿಸಿ ಆರನೇ ಹೆಜ್ಜೆಗೆ ಹಿಂತಿರುಗಿ." ನ್ಯೂಸ್‌ಪೇಪರ್ ಹಾಸಿ ಎಡಗಡೆಯಿಂದ ಬಿಚ್ಚಿದ ಕ್ರಮದಲ್ಲೇ ಇಡಿ ಎಂದೂ ಸೇರಿಸಿದೆ. ಚಿತ್ರ ಬರೆದು ಕೊಟ್ಟೆ. "ಎಡಗಡೆ ಮೇಲಿಂದಲೇ ಯಾಕೆ?" ಎಂದ ಕೋವಲ್. ಬಡಿಸುವುದು ಅಲ್ಲಿಂದ, ಉಪ್ಪಿನಿಂದ ಶುರುವಾಗುತ್ತದೆ ಎಂದೆ. ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ ಪೆನ್ಸಿಲನ್ನು ಕಿವಿಗೆ ವಾಪಸು ಸಿಕ್ಕಿಸಿದ. ಅಂದರೆ ಒಪ್ಪಿಗೆ.

ಆದರೆ ಒಂದು ಫಜೀತಿ ಆಯಿತು. ಶಾಂತಾಗೆ ಈಗ ಚಕ್ರ ಗೊತ್ತಾಗಿಬಿಟ್ಟಿತ್ತು. ಒಬ್ಬ ಅಜ್ಞಾನಿಯನ್ನು ಒಂದೇ ಸಲ ಬಳಸಬಹುದು, ಬೆಂಕಿಕಡ್ಡಿಯ ಹಾಗೆ. ಹೊಸಬರನ್ನು ಎಲ್ಲಿಂದ ತರುವುದು?

ಉಪಾಯ ಹೊಳೆದದ್ದು ಶಾಂತಾಗೇ. ಈಗ ನಮ್ಮವರ ಅಂಗಡಿಗಳೇ ತುಂಬಿರುವ ಐಸೆಲಿನ್‌ನಲ್ಲಿ ಆ ಕಾಲಕ್ಕೆ ಅಂಥದ್ದು ಒಂದೂ ಇರಲಿಲ್ಲ. ತೊಗರಿಬೇಳೆಗೆ ನ್ಯೂಯಾರ್ಕಿಗೆ ಓಡಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ ಎಂದರೆ ಸಾಕು, ಕನ್ನಡದವರು ಹಿಮದಲ್ಲೂ ಐವತ್ತು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಭಾನುವಾರ ನಮ್ಮಲ್ಲಿ ಊಟಕ್ಕೆ ಯಾರಾದರೂ ಇದ್ದೇ ಇರುತ್ತಿದ್ದರು. "ಊಟ ಫುಕಟ್ಟಲ್ಲ ಅಂತ ಹೇಳ್ರಿ. ಮೊದಲು ಗಾಲಿ, ಆಮ್ಯಾಲ ಎಲಿ," ಎಂದಳು.

ಮೊದಲು ಸಿಕ್ಕಿಬಿದ್ದವರು ಡಾಕ್ಟರ್ ನಾಗರಾಜ್. ನೆವಾರ್ಕ್ ಕಡೆ ಆಸ್ಪತ್ರೆಯೊಂದರಲ್ಲಿ ಸರ್ಜನ್, ದಾವಣಗೆರೆಯವರು. ಪುಟ ಕೈಗೆ ಕೊಟ್ಟರೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

"ರಂಗಣ್ಣ, ದಿನಾ ಮನುಷ್ಯರ ಹೊಟ್ಟೆ ಬಿಚ್ಚಿ ಹೊಲೀತೀನಿ ನಾನು. ಇದ್ಯಾವ ಮಹಾ ಚಕ್ರ ಕಣ್ರೀ!"

ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿ, ಕೈ ಕೊಡವಿ, "ಎಲ್ಲಿ, ಎಲೆ ಹಾಕ್ಸಿ" ಎಂದರು. ಶಾಂತಾ ನ್ಯೂಸ್‌ಪೇಪರಿನ ಕಡೆ ಬೆರಳು ತೋರಿಸಿದಳು. ನಡುವೆ ಸ್ಪೇಸರು ಒಂಟಿಯಾಗಿ ಕೂತಿತ್ತು.

"ಡಾಕ್ಟರ್ರೆ, ಹೊಟ್ಟಿ ಹೊಲಿವಾಗೂ ಹಿಂಗ ಏನರೆ ಹೊರಗ ಉಳದಿರ್ತದೇನ್ರಿ?"

ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ನಾನಂತೂ ಆ ಗಾಡಿ ಹತ್ತಲಿಲ್ಲ. ಕಾನೂನಿನ ಪ್ರಕಾರ ಹತ್ತಬೇಕಿತ್ತು, ಆದರೆ ಪುಟ ಓದದವನಿಗೆ ಪುಟದ ಪರೀಕ್ಷೆ ಅನ್ವಯಿಸುವುದಿಲ್ಲ ಎಂದು ಕೋವಲ್‌ನೊಂದಿಗೆ ವಾದಿಸಿ ಬಚಾವಾದೆ. ಆ ಡಾಕ್ಟರು ಮುಂದೆ ನಮಗೆ ಬಹಳ ಆತ್ಮೀಯರಾದರು. ಆದರೂ ನನ್ನ ಅಪೆಂಡಿಕ್ಸ್ ಆಪರೇಷನ್ನಿಗೆ ನಾನು ಬೇರೆಯವರ ಹತ್ತಿರ ಹೋದೆ.

ಮುಂದಿನ ವಾರ ಪ್ರಿನ್ಸ್‌ಟನ್ನಿನಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬರು ಪ್ರೊಫೆಸರು ಬಂದರು. ಅವರು ಡಾಕ್ಟರಿಗೆ ಸರಿಯಾಗಿ ಉಲ್ಟಾ. ಬಿಚ್ಚುವ ನಾಲ್ಕನೇ ಹೆಜ್ಜೆಯಲ್ಲಿ "ಬೋಲ್ಟನ್ನು ಸ್ವಲ್ಪ ಸಡಿಲಿಸಿ" ಎಂದಿತ್ತು. ಪಾನಾ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತರು.

"ಸ್ವಲ್ಪ ಅಂದ್ರೆ ಎಷ್ಟು ಸ್ವಾಮಿ?" ಎಂದು ನನ್ನನ್ನು ಕೇಳಿದರು. ನಾನು ಮೂಕ. "ನಿಮ್ಮ ಸ್ವಲ್ಪಾನೂ ನನ್ನ ಸ್ವಲ್ಪಾನೂ ಒಂದೇ ಅನ್ನೋದಕ್ಕೆ ಏನು ಆಧಾರ?" ನಾನು ಮತ್ತೂ ಮೂಕ. ಅಡುಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು, ಆ ಮಹಾನುಭಾವರು ಅಲ್ಲಾಡಲಿಲ್ಲ. ಕಡೆಗೆ ತಾವೇ ಎರಡು ಸುತ್ತು ಎಂದು ತೀರ್ಮಾನಿಸಿ, ಪುಟದ ಅಂಚಿನಲ್ಲಿ ಬರೆದು, ಮುಂದುವರಿದರು. ಮೂರು ಗಂಟೆ ಹಿಡಿಯಿತು. ಹುಳಿ ಎರಡು ಸಲ ಬಿಸಿಯಾಯಿತು. ಆದರೆ ಆ ಚಕ್ರದ ಮೇಲೆ ನಾನು ಚರ್ಚಿಗೆ ಹೋಗಿ ಬಂದಷ್ಟು ನೆಮ್ಮದಿಯಾಗಿ ಬೇರೆ ಯಾವತ್ತೂ ಹೋಗಿಲ್ಲ. ಒಂದು ಪಾಸು! ಅಂದಿನಿಂದ ನಿವೃತ್ತನಾಗುವವರೆಗೆ "ಸ್ವಲ್ಪ" ಎಂಬ ಪದವನ್ನು ನಾನು ಯಾವ ಕೈಪಿಡಿಯಲ್ಲೂ ಬಳಸಲಿಲ್ಲ.

ಎರಡನೇ ಪಾಸು ಕೊಡಿಸಿದ್ದು ಮಿಸೆಸ್ ಬೆಲ್ಲೀನಿ. ತನ್ನ ಟೊಮ್ಯಾಟೊ ಹಾಳಾದದ್ದು ಯಾವ ಘನಕಾರ್ಯಕ್ಕೆ ಎಂದು ನೋಡಲು ಬಂದವಳು, ಪುಟ ಕೊಡು ಎಂದಳು. ಕನ್ನಡಕ ಏರಿಸಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಓದಿದಷ್ಟೇ ಮಾಡಿ, ಮತ್ತೆ ಮುಂದಿನ ಸಾಲು ಓದಿ, ಐವತ್ತು ನಿಮಿಷದಲ್ಲಿ ಮುಗಿಸಿದಳು. ಸರ್ಜನ್ನು, ಪ್ರೊಫೆಸರು ಎಲ್ಲರಿಗಿಂತ ಉತ್ತಮ. ತನಗೆಲ್ಲ ಗೊತ್ತು ಎಂಬ ಜಂಬ ಅವಳಿಗಿರಲಿಲ್ಲ, ಅಷ್ಟೇ. ನಾನು ಚರ್ಚಿಗೆ ಹೋಗಿ ಬಂದೆ. ಅವಳಿಗಾಗಿ ಅಲ್ಲಿ ಒಂದು ಮೇಣದಬತ್ತಿಯನ್ನೂ ಹಚ್ಚಿ ಬಂದೆ.

ಉಳಿದದ್ದು ಮೂರನೆಯದು, ಕೋವಲ್ ತರುವ ಮನುಷ್ಯನದು. ಅಕ್ಟೋಬರ್ ಬಂತು. ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗಬೇಕು, ನನ್ನ ವೀಸಾ ಡಿಸೆಂಬರಿಗೆ ಮುಗಿಯುತ್ತದೆ, ಕೋವಲ್‌ನ ಮನುಷ್ಯನ ಸುದ್ದಿಯೇ ಇಲ್ಲ. ಶನಿವಾರ ಬೆಳಗ್ಗೆ ಫೋನ್ ಬಂತು. "ಹನ್ನೊಂದು ಗಂಟೆಗೆ ಬರುತ್ತೇನೆ. ಎಲ್ಲ ಸಿದ್ಧವಾಗಿರಲಿ."

ಫೋನಿಟ್ಟು ಗ್ಯಾರೇಜಿಗೆ ಓಡಿದೆ. ಅವತ್ತು ಆಯುಧಪೂಜೆ. ಶಾಂತಾ ಎದ್ದವಳೇ ನನ್ನ ಪಾನಾ, ಸ್ಕ್ರೂಡ್ರೈವರ್, ಇಕ್ಕಳ ಎಲ್ಲವನ್ನೂ ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ, ಅಂಗಡಿಯ ಸೇವಂತಿಗೆ ಏರಿಸಿ, ಊದುಬತ್ತಿ ಹಚ್ಚಿದ್ದಳು. ಗಾಡಿಗೂ ಕುಂಕುಮ, ಹ್ಯಾಂಡಲ್ಲಿಗೂ ಹೂವು.

"ಪಾನಾ ಬೇಕು ಶಾಂತಾ. ಸಾಹೇಬ ಬರ್ತಿದ್ದಾನೆ."

"ಇವತ್ತ ಖಂಡೇನವಮಿ. ಪೂಜಾಕ್ಕ ಇಟ್ಟದ್ದು ನಾಳಿ ತನಕಾ ಮುಟ್ಟೋಹಂಗಿಲ್ಲ."

"ನಾಳೆ ಅಂದ್ರೆ ಮುಗೀತು ಕಣೇ! ಪುಟವೂ ಇಲ್ಲ, ಪತ್ರವೂ ಇಲ್ಲ. ಜನವರಿಗೆ ಮೈಸೂರಿನ ರೈಲಲ್ಲಿ ಕೂತಿರ್ತೀವಿ!"

"ಕೂತರ ಕೂತ್ವಿ. ವರ್ಷಾನುಗಟ್ಟಲೆ ನಮಗ ದುಡದು ಹಾಕೋ ಸಾಮಾನಿಗೆ ಒಂದು ದಿನಾ ಸೂಟಿ ಕೊಡಲಿಕ್ಕೆ ಆಗಂಗಿಲ್ಲೇನ್ರಿ?"

ನನಗೆ ಅಳುವೇ ಬಂತು. ನಿಜವಾಗಿಯೂ ಬಂತು, ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಬಗ್ಗಿ ಕೈ ಚಾಚಿದೆ. ಅವಳು ನನ್ನನ್ನೇ ನೋಡಿದಳು. ಕೈ ಹಿಂದಕ್ಕೆ ಬಂತು. ನನ್ನ ಅಪ್ಪನೂ ಆ ದಿನ ತನ್ನ ಪೆನ್ನನ್ನು ಕೂಡ ಮುಟ್ಟುತ್ತಿರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಕೋವಲ್‌ನ ಕಾರು ಬಂತು. ಒಬ್ಬನೇ ಇಳಿದ.

"ನಿಮ್ಮ ಮನುಷ್ಯ ಎಲ್ಲಿ ಸರ್?"

"ಬಂದಿದ್ದಾನೆ," ಎಂದು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ ಗಾಡಿಯ ಮೇಲಿನ ಕುಂಕುಮ ನೋಡಿ, ಇದೇನು ಎಂದ.

"ಇನ್ಶೂರೆನ್ಸ್," ಎಂದಳು ಶಾಂತಾ.

ಪಾನಾಗಳ ವಿಷಯ ಹೇಗೆ ಹೇಳುವುದೆಂದು ನಾನು ತೊದಲುತ್ತಿರುವಾಗ ಅವಳೇ ಮುಂದೆ ಬಂದು, ಇವತ್ತು ನಮ್ಮ ಉಪಕರಣಗಳಿಗೆ ರಜೆ, ನಿಮ್ಮದಿದ್ದರೆ ಬಳಸಬಹುದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕೋವಲ್ ಮಣೆಯ ಮೇಲಿನ ಸಾಲನ್ನು ಬಗ್ಗಿ ನೋಡಿದ. ಬೈಯುತ್ತಾನೆ ಎಂದುಕೊಂಡೆ. "ಹಡಗಿನಲ್ಲಿ ನಮಗೂ ಇಂಥದ್ದೊಂದು ದಿನ ಇರಬೇಕಿತ್ತು," ಎಂದು ಕಾರಿನ ಡಿಕ್ಕಿಯಿಂದ ತನ್ನ ಪೆಟ್ಟಿಗೆ ತಂದ. ತೆರೆದರೆ ಪಾನಾಗಳೆಲ್ಲ ಥಳಥಳ ಹೊಳೆಯುತ್ತಿದ್ದವು, ಒಂದರ ಮೇಲೂ ಒಂದು ಗೀರಿಲ್ಲ. ಪುಟ ಕೈಗೆತ್ತಿಕೊಂಡು ತುಟಿ ಅಲ್ಲಾಡಿಸುತ್ತ ಓದತೊಡಗಿದ. ಮಿಸೆಸ್ ಬೆಲ್ಲೀನಿ ಓದಿದ್ದಳಲ್ಲ, ಥೇಟ್ ಹಾಗೆ. ಎಲ ಎಲಾ! ಆರು ವರ್ಷದಿಂದ ಮೋಟಾರ್‌ಸೈಕಲ್ ಕೈಪಿಡಿಗಳನ್ನು ಕೆಂಪು ಪೆನ್ಸಿಲ್ಲಿನಿಂದ ಸಿಗಿಯುತ್ತಿದ್ದ ಈ ಮಹಾರಾಯ ಜನ್ಮದಲ್ಲಿ ಒಂದು ಮೋಟಾರ್‌ಸೈಕಲ್ ಚಕ್ರ ಬಿಚ್ಚಿರಲಿಲ್ಲ!

ಬಿಚ್ಚಿದ. ನ್ಯೂಸ್‌ಪೇಪರಿನ ಮೇಲೆ ಉಪ್ಪಿನ ಜಾಗದಿಂದ ಶುರುಮಾಡಿ ಜೋಡಿಸಿದ. ಆಮೇಲೆ ಚಕ್ರ ಎತ್ತಿ ಕೂರಿಸಲು ಹೋದ. ನಾನು ಮತ್ತು ಶಾಂತಾ ಗೋಡೆಗೊರಗಿ ನಿಂತಿದ್ದೆವು. ನೋಡುತ್ತಿದ್ದ ಹಾಗೆಯೇ ತಪ್ಪು ನಡೆದುಹೋಯಿತು. ಗುಬಟು ಸೀಳಿನೊಳಗೆ ಕೂರಲಿಲ್ಲ. ಒಂದು ಬೆರಳಿನಷ್ಟು ಪಕ್ಕಕ್ಕೆ ಕೂತಿತು. ಆರನೇ ಹೆಜ್ಜೆಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ, ಓದಿಯೂ ಇದ್ದ, ಆದರೆ ಭಾರ ಎತ್ತುವ ಭರದಲ್ಲಿ ನೋಡಲಿಲ್ಲ. ಆಕ್ಸಲ್ ನೂಕಿದ. ನಟ್ ತಿರುಗಿಸಿದ. ನಾನು ಹೇಳಿದರೆ ಪರೀಕ್ಷೆ ರದ್ದು, ಪುಟ ಹೋಯಿತು, ಕಾರ್ಡು ಹೋಯಿತು. ಹೇಳದಿದ್ದರೆ ಐದು ನಿಮಿಷಕ್ಕೆ ನಾನು ಅದೇ ಗಾಡಿಯ ಮೇಲೆ. ಈ ಸಲ ಟೊಮ್ಯಾಟೊ ಮಡಿಯೂ ಇಲ್ಲ, ಮುದುಕಿ ಅದನ್ನೆಲ್ಲ ಕಿತ್ತು ಹಾಕಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. "ಸರ್" ಅನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಏನೋ ದಢಾರನೆ ಬಂದು ಬಿತ್ತು. ಅಂಟಿನ ಉಂಡೆ! ಪೂಜೆಗೆಂದು ನೈವೇದ್ಯಕ್ಕಿಟ್ಟದ್ದು, ಧಾರವಾಡದಿಂದ ಅತ್ತೆ ಪಾರ್ಸೆಲ್ ಮಾಡಿದ್ದು, ಹಡಗಿನಲ್ಲಿ ಎರಡು ತಿಂಗಳು ಬಂದು ಕಲ್ಲಾಗಿದ್ದದ್ದು. ಶಾಂತಾ ಇಡೀ ಉಂಡೆಯನ್ನು ತುರುಕಿ, ಅಂಗೈಯಿಂದ ನನ್ನ ದವಡೆಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದಳು. ಪ್ರಸಾದ, ಉಗುಳುವ ಹಾಗಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಬೆಸುಗೆಯಾಗಿ ಮೂಗಿನಲ್ಲೇ ಉಸಿರಾಡುತ್ತ ನಿಂತೆ. ಕಣ್ಣಲ್ಲಿ ನೀರು.

ಕೋವಲ್ ಬೆನ್ನು ನಮ್ಮ ಕಡೆ ಮಾಡಿದ್ದ. ಪುಟ ಎತ್ತಿಕೊಂಡ. ಒಂಬತ್ತನೇ ಸಾಲು ತುಟಿಯ ಮೇಲೆ ಸರಿಯಿತು. ಬ್ರೇಕ್ ಪ್ಲೇಟ್ ಹಿಡಿದು ತಿರುಗಿಸಿದ. ತಿರುಗಿತು. ಇನ್ನೊಮ್ಮೆ ತಿರುಗಿಸಿದ, ಮತ್ತೆ ತಿರುಗಿತು. ನೌಕಾಪಡೆಯಲ್ಲಿ ಕಲಿತದ್ದೊಂದು ಮಾತು ಆಡಿ, ನಟ್ ಬಿಚ್ಚಿ, ಚಕ್ರ ಇಳಿಸಿ, ಆರನೇ ಹೆಜ್ಜೆಗೆ ಹಿಂತಿರುಗಿದ. ಈ ಸಲ ಬಗ್ಗಿ ನೋಡಿ ಗುಬಟನ್ನು ಸೀಳಿನೊಳಗೆ ಕೂರಿಸಿದ. ಕೈಯಿಂದ ತಿರುಗಿಸಿದ. ಅಲ್ಲಾಡಲಿಲ್ಲ. ನನ್ನ ಜನ್ಮದಲ್ಲಿ ನಾನು ಬರೆದ ಯಾವ ಸಾಲಿನ ಬಗ್ಗೆಯೂ ಅಷ್ಟು ಸಂತೋಷವಾಗಿಲ್ಲ. ಅದು ನಾನು ಬರೆದದ್ದೂ ಅಲ್ಲ, ಇರಲಿ.

ಮುಗಿಸಿ ಎದ್ದವನ ಹಣೆಯಲ್ಲಿ ಬೆವರು. "ರಂಗ, ಬೇಕಾದರೆ ಓಡಿಸುವುದನ್ನು ಬಿಟ್ಟುಬಿಡೋಣ," ಎಂದ. ತಾನು ಹಾಕಿದ ಚಕ್ರದ ಮೇಲೆ ಇನ್ನೊಬ್ಬ ಹೋಗುವುದು ಎಂದರೇನು ಎಂಬುದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಗಿತ್ತು. ನಾನು ಬೇಡವೆಂದು ತಲೆಯಾಡಿಸಿದೆ. ಮಾತಾಡಲು ಬಾಯಿಯೇ ಇರಲಿಲ್ಲವಲ್ಲ! ಹೆಲ್ಮೆಟ್ ಹಾಕಿ ಗಾಡಿ ಹತ್ತಿದೆ. ಶಾಂತಾ ಮುಂದಿನ ಚಕ್ರದ ಕೆಳಗೆ ಒಂದು ನಿಂಬೆಹಣ್ಣು ಇಟ್ಟು, ಇನ್ನೊಂದು ಹೆಲ್ಮೆಟ್ ತೆಗೆದುಕೊಂಡು, ಸೀರೆ ಒತ್ತಿ ಸಿಕ್ಕಿಸಿ ಹಿಂದೆ ಕೂತೇಬಿಟ್ಟಳು.

ಇಳಿ ಎಂದು ಕೈ ಸನ್ನೆ ಮಾಡಿದೆ.

"ಹಾಳಿ ಬರೋಬ್ಬರಿ ಅದ ಅಂತ ನಿಮಗ ಅನಸ್ತದೋ ಇಲ್ಲೋ? ಅನಸಿದ್ರ ನಡೀರಿ. ಇಲ್ಲಾಂದ್ರ ಇಬ್ಬರೂ ಇಳಿಯೋಣು."

ನಿಂಬೆಹಣ್ಣು ಚಟ್ಟೆಂದಿತು. ಚರ್ಚಿಗೆ ಹೋದೆವು, ಸುತ್ತು ಹಾಕಿದೆವು, ವಾಪಸು ಬಂದು ಕೋವಲ್‌ನ ಬೂಟಿನ ಒಂದು ಅಡಿ ಮುಂದೆ ಬ್ರೇಕ್ ಒತ್ತಿ ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ.

ಅವತ್ತು ಎಲೆಯ ಮುಂದೆ ಕೂತು ಹೋಳಿಗೆ ತಿನ್ನುತ್ತ ಒಪ್ಪಿಕೊಂಡ. ಹಡಗಿನ ಇಂಜಿನ್ನು ಗೊತ್ತು, ಮೋಟಾರ್‌ಸೈಕಲ್ ಚಕ್ರ ಇದೇ ಮೊದಲು. ಆಫೀಸಿನಲ್ಲಿ ಹೇಳಬೇಡ ಎಂದ. ಆಫೀಸಿನಲ್ಲಿ ಹೇಳಲಿಲ್ಲ.

ಸೋಮವಾರ ಪುಟ ಪ್ರೆಸ್ಸಿಗೆ ಹೋಯಿತು. ಸಂಜೆ ಕೋವಲ್ ನನ್ನ ಮೇಜಿನ ಮೇಲೆ ಪತ್ರ ಇಟ್ಟು ಹೋದ. ಈ ಕೆಲಸಕ್ಕೆ ಅಮೆರಿಕನ್ನರನ್ನು ಬಿಟ್ಟು ಇವನೇ ಯಾಕೆ ಬೇಕು ಎಂದು ಕಂಪನಿ ಸರ್ಕಾರಕ್ಕೆ ಹೇಳಬೇಕಾದ ಪತ್ರ ಅದು. ಮನೆಗೆ ತಂದು ಶಾಂತಾಗೆ ಗಟ್ಟಿಯಾಗಿ ಓದಿದೆ. "ಎದುರಿಗಿರುವವನು ತಪ್ಪು ಮಾಡುವುದನ್ನು ನೋಡಿಯೂ, ತನ್ನ ಪ್ರಾಣದ ಪ್ರಶ್ನೆಯಾಗಿದ್ದರೂ, ಬಾಯಿ ಮುಚ್ಚಿಕೊಂಡಿರುವ ಶಕ್ತಿ ಈ ಕೆಲಸಕ್ಕೆ ಬೇಕು. ಅಂಥ ಅಮೆರಿಕನ್ ನನಗೆ ಸಿಕ್ಕಿಲ್ಲ. ಈ ವ್ಯಕ್ತಿಯಲ್ಲಿ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ." ಕೆಳಗೆ ನನ್ನ ಪೂರ್ತಿ ಹೆಸರು, ಅವನ ಸಹಿ.

ಶಾಂತಾ ಪತ್ರ ಇಸಿದುಕೊಂಡು ಇನ್ನೊಮ್ಮೆ ತಾನೇ ಓದಿಕೊಂಡಳು.

"ಭಾಳ ಛಲೋ ಬರದಾರ್ರೀ," ಎಂದಳು. "ಹೆಸರೊಂದು ತಪ್ಪು ಬಿದ್ದದ."